ಪಕ್ಕದ ಸೀಟು

ಅಸೂಲ್,
೨೧ ಆಗಸ್ಟ್ ೧೯೯೪

ಪ್ರೀತಿಯ ನೊಯೆಮಿ,

ನಿನ್ನ ಅಮ್ಮನಿಗೆ ಈಗ ಅರವತ್ತೊಂದು. ಮಂಡಿನೋವು ಒಂದೇ ಕಾಲಿಗೆ. ಮೂರು ವಾರದಿಂದ ಅವಳು ಕಾರು ಓಡಿಸುವುದನ್ನು ಕಲಿಯುತ್ತಿದ್ದಾಳೆ. ನಗುವುದಾದರೆ ಕಾಗದ ಪೂರ್ತಿ ಓದಿದ ಮೇಲೆ ನಗು.

ಕಲಿಸುತ್ತಿರುವವಳು ದೆಲ್ಫಿನಾ, ನಮ್ಮ ಬೀದಿಗೆ ಸೋಡಾ ಸೀಸೆ ಹಾಕುವವಳು. ನಿಮ್ಮಪ್ಪ ಮಂಗಳವಾರ, ಶುಕ್ರವಾರ ಕ್ಲಬ್ಬಿಗೆ ಇಸ್ಪೀಟಿಗೆ ಹೋಗುತ್ತಾನಲ್ಲ, ಅವನು ಮೂಲೆ ತಿರುಗಿದ್ದೇ ತಡ ಅವಳ ವ್ಯಾನು ನಮ್ಮ ಬಾಗಿಲಿಗೆ ಬರುತ್ತದೆ. ಹಿಂದೆ ಅರವತ್ತು ಗಾಜಿನ ಸೀಸೆ, ಮುಂದೆ ನಾನು. "ನಾನು ಬಾಯಿ ಬಿಡಲ್ಲ ಎಲ್ವಿರಾ. ಸೀಸೆ ಗಲಗಲ ಅಂದ್ರೆ ನೀನು ತಪ್ಪು ಮಾಡ್ದೆ ಅಂತ. ಸುಮ್ನಿದ್ರೆ ಸರಿ ಅಂತ" ಎಂದಳು ಮೊದಲ ದಿನ. ಅವತ್ತು ಹನ್ನೊಂದು ಸೀಸೆ ಒಡೆದವು. ಮೊನ್ನೆ ಶುಕ್ರವಾರ ಒಂದೂ ಒಡೆಯಲಿಲ್ಲ. ಸ್ಮಶಾನದ ಹಿಂದಿನ ಮಣ್ಣುರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಹೋದೆ, ಒಂದು ನಾಯಿ ಅಡ್ಡ ಬಂತು, ನಿಲ್ಲಿಸಿದೆ, ನಾಯಿ ನನ್ನನ್ನು ನೋಡಿತು, ನಾನು ನಾಯಿಯನ್ನು ನೋಡಿದೆ, ಇಬ್ಬರೂ ನಮ್ಮ ನಮ್ಮ ದಾರಿ ಹಿಡಿದೆವು. ನಲವತ್ತು ವರ್ಷ ಶಾಲೆಯ ಮಕ್ಕಳ ಬಿಳಿ ನಿಲುವಂಗಿ ಹೊಲಿದ ಕಾಲು ಇದು. ಹೊಲಿಗೆ ಮೆಷಿನ್ನಿನ ಪೆಡಲ್ಲು ಗೊತ್ತಿದ್ದವಳಿಗೆ ಕ್ಲಚ್ಚು ದೊಡ್ಡ ವಿದ್ಯೆಯೇನಲ್ಲ. ಇಷ್ಟು ದಿನ ಯಾರೂ ನನಗೆ ಇದನ್ನು ಹೇಳಿರಲಿಲ್ಲ ಅಷ್ಟೆ.

ಯಾಕೆ ಕಲಿಯುತ್ತಿದ್ದೀಯ ಎಂದು ಕೇಳುತ್ತೀಯ. ಮಾರ್ಕೆಟ್ಟು ದೂರ, ಬಸ್ಸಿನ ಮೆಟ್ಟಿಲು ಎತ್ತರ.

ಇಲ್ಲಿ ಎಲ್ಲ ಎಂದಿನಂತೆ. ನಿಮ್ಮಪ್ಪ ಮೊನ್ನೆ ರೆನೋ ಕಾರನ್ನು ಒಳಗೆ ತರುವಾಗ ಗೇಟಿನ ಎಡಗಂಬಕ್ಕೆ ತಾಗಿಸಿದ. ಕಂಬ ಕಟ್ಟಿದ ಗಾರೆಯವನಿಗೆ ಬೈದ. ಆ ಕಂಬ ನಾವು ಮದುವೆಯಾದ ವರ್ಷದಿಂದ ಅಲ್ಲೇ ಇದೆ. ಜನವರಿ ಹನ್ನೆರಡಕ್ಕೆ ನಿನ್ನ ತೇಲ್ಮಾ ಅತ್ತೆಗೆ ಎಂಬತ್ತು ತುಂಬುತ್ತದೆ. ಸಾನ್ ರಫಾಯೆಲ್‌ನ ತನ್ನ ತೋಟಕ್ಕೆ ಈ ಸಲ ಜನವರಿಯ ಬೇಸಿಗೆಯಲ್ಲಿ ಬರುವುದನ್ನು ಯಾರೂ ತಪ್ಪಿಸುವಂತಿಲ್ಲ ಎಂದು ಎಲ್ಲರಿಗೂ ಬರೆದಿದ್ದಾಳೆ. ತನ್ನ ತಮ್ಮನಿಗೆ, ಅಂದರೆ ನಿಮ್ಮಪ್ಪನಿಗೆ, ಬರೆದ ಕಾಗದದಲ್ಲಿ "ಮೂರು ಜನ ಬನ್ನಿ" ಎಂದಿದೆ. ಅವನು ಅದನ್ನು ಓದಿ ಮಡಚಿ ಜೇಬಿಗೆ ಹಾಕಿಕೊಂಡ.

ನಾನು ಏನೂ ಕೇಳುತ್ತಿಲ್ಲ. ಅಲ್ಲಿ ಚಳಿ ಹೇಗಿದೆ? ನೇರಳೆ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯಾ ಇಲ್ಲವೋ?

ನಿನ್ನ ಅಮ್ಮ,
ಎಲ್ವಿರಾ

•

ರಸ್ತೆ ಕ್ಯಾಂಪು, ಗೊಬೆರ್ನದೋರ್ ಕೋಸ್ತಾ ಹತ್ತಿರ,
೨೭ ಸೆಪ್ಟೆಂಬರ್ ೧೯೯೪

ಅಮ್ಮ,

ನಕ್ಕೆ. ಪೂರ್ತಿ ಓದಿದ ಮೇಲೆಯೇ ನಕ್ಕೆ. ಆಮೇಲೆ ಅಡುಗೆ ಟೆಂಟಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ರೋಡ್ ರೋಲರಿನ ಡ್ರೈವರು ದೆಲ್ಫಿನಾಗೆ ಮದುವೆ ಆಗಿದೆಯಾ ಎಂದು ಕೇಳುತ್ತಿದ್ದಾನೆ.

ಒಂದೇ ಒಂದು ಮಾತು ಹೇಳಿಕೊಡುತ್ತೇನೆ, ನನ್ನ ಕೆಲಸದಿಂದ ಕಲಿತದ್ದು. ಕಾರಿನ ಮೂತಿಯನ್ನು ನೋಡಬೇಡ. ದೂರ ನೋಡು. ಕಣ್ಣು ಎಲ್ಲಿಗೆ ಹೋಗುತ್ತದೋ ಕೈ ಅಲ್ಲಿಗೆ ಹೋಗುತ್ತದೆ. ಇಲ್ಲಿ ನಾನು ದಿನವಿಡೀ ದುರ್ಬೀನಿನಲ್ಲಿ ನೂರು ಮೀಟರ್ ಆಚೆ ಹಿಡಿದ ಅಳತೆಕೋಲನ್ನು ನೋಡುತ್ತಿರುತ್ತೇನೆ. ಹಳೆಯ ಮಣ್ಣುರಸ್ತೆಯನ್ನು ಎತ್ತರಿಸಿ ನೇರ ಮಾಡುವುದು ನಮ್ಮ ಕೆಲಸ. ಗಾಳಿ ಬೀಸಿದಾಗ ಕೋಲು ನಡುಗುತ್ತದೆ, ಕೋಲು ಹಿಡಿದವನೂ ನಡುಗುತ್ತಾನೆ. ಆಗ ಎಲ್ಲ ಬಿಟ್ಟು, ಎಲೆಯ ಮೇಲೆ ಬಿಸಿನೀರು ಹುಯ್ದು, ಒಂದೇ ಸೋರೆಬುರುಡೆಯಿಂದ ಒಬ್ಬರ ನಂತರ ಒಬ್ಬರು ಮಾಟೆ ಹೀರುತ್ತ ಕೂರುತ್ತೇವೆ. ವಾರಕ್ಕೆ ಎರಡು ಸಲ ಎಸ್ಕೆಲ್‌ಗೆ ಲಾರಿ ಹೋಗುತ್ತದೆ, ಅದರಲ್ಲಿ ಈ ಕಾಗದ ಬರುತ್ತದೆ. ಕಾಲುಚೀಲ ಹಾಕಿಕೊಳ್ಳುತ್ತಿದ್ದೇನೆ, ಎರಡು ಜೊತೆ ಒಂದರ ಮೇಲೊಂದು.

ಈಗ ನಾನು ಕೇಳುತ್ತೇನೆ, ನೀನು ಕೇಳುವುದಿಲ್ಲ ಎಂದಿದ್ದೀಯಲ್ಲ. ಅಪ್ಪನಿಗೆ ಎಷ್ಟು ಕಾಣಿಸುತ್ತದೆ?

ಎರಡೂವರೆ ವರ್ಷದ ಹಿಂದೆ, ೯೨ರ ಜನವರಿಯಲ್ಲಿ, ಇದೇ ಸಾನ್ ರಫಾಯೆಲ್ ದಾರಿಯಲ್ಲಿ ನಾನು ಇದೇ ಪ್ರಶ್ನೆ ಕೇಳಿದೆ. ಅಪ್ಪ ದನದ ಲಾರಿಯನ್ನು ಹಿಂದೆ ಹಾಕಲು ಹೊರಟಾಗ ಎದುರಿಗೆ ನೀಲಿ ಕಾರು ಬಂತು, ಅದು ರಸ್ತೆ ಬಿಟ್ಟು ಮುಳ್ಳುಪೊದೆಗೆ ಇಳಿದದ್ದರಿಂದ ನಾವು ಉಳಿದೆವು. ನಾನು ಕಿರುಚಿಕೊಂಡೆ. ಅಪ್ಪ ಚಾಚಾರಮೆಂದಿಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನನ್ನ ಚೀಲವನ್ನು ಕೆಳಗಿಟ್ಟು "ಭಯ ಇರೋರು ಬಸ್ಸಲ್ಲಿ ಬರ್ಲಿ" ಎಂದ. ನಾನು ಇಳಿದೆ. ನೀನು ಇಳಿಯುತ್ತೀಯ ಎಂದು ಬಾಗಿಲನ್ನೇ ನೋಡುತ್ತ ನಿಂತಿದ್ದೆ. ಕಾರು ಹೊರಟುಹೋಯಿತು. ಆಮೇಲೆ ನೀನು ನನಗೆ ಇಪ್ಪತ್ತಾರು ಕಾಗದ ಬರೆದಿದ್ದೀಯ. ಒಂದರಲ್ಲೂ ಆ ದಿನದ ಸುದ್ದಿಯಿಲ್ಲ.

ಅತ್ತೆಗೆ ನಾನು ಬೇರೆ ಕಾಗದ ಬರೆಯುತ್ತೇನೆ. ಬರುವುದಿಲ್ಲ.

ನೊಯೆಮಿ

•

ಅಸೂಲ್,
೬ ನವೆಂಬರ್ ೧೯೯೪

ನೊಯೆಮಿ,

ನಿನ್ನ ಪ್ರಶ್ನೆಗೆ ಉತ್ತರ ತಾಂದಿಲ್‌ನ ಕಣ್ಣಿನ ಡಾಕ್ಟರ್ ಕೊಟ್ಟ. ನಿಮ್ಮಪ್ಪನನ್ನು ಹೇಗೆ ಕರೆದುಕೊಂಡು ಹೋದೆ ಎಂದರೆ, ನನ್ನ ಕಣ್ಣು ತೋರಿಸಬೇಕು, ಜೊತೆಗೆ ಬಾ ಎಂದೆ. ಅಲ್ಲಿ ಹೋದ ಮೇಲೆ ಕುರ್ಚಿಯಲ್ಲಿ ಅವನನ್ನೇ ಕೂರಿಸಿದೆ. ಡಾಕ್ಟರು ನನ್ನನ್ನು ನೋಡಿ, ಅವನನ್ನು ನೋಡಿ, ದೀಪ ಹಚ್ಚಿದ. ಕಣ್ಣಿನ ಒಳಗೆ ಒತ್ತಡ ಏರಿ ನರ ಸತ್ತಿದೆಯಂತೆ. ಎದುರಿಗಿರುವುದು ಕಾಣುತ್ತದೆ, ಎರಡೂ ಪಕ್ಕ ಕಾಣುವುದಿಲ್ಲ, ಕೊಳವೆಯೊಳಗಿಂದ ನೋಡಿದ ಹಾಗೆ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಹನಿಮದ್ದು ಹಾಕಿ ಕಾಯಬೇಕು. ಎಷ್ಟು ದಿನದಿಂದ ಎಂದು ಕೇಳಿದೆ. ನಾಲ್ಕೈದು ವರ್ಷ ಆಗಿರಬೇಕು ಎಂದ.

ನೀನು ಲೆಕ್ಕ ಹಾಕುವ ಮೊದಲೇ ನಾನು ಹಾಕಿದೆ. ಅವತ್ತು ನೀನು ಹೇಳಿದ್ದು ಸರಿ. ಎಡಪಕ್ಕದಲ್ಲಿ ಎದುರು ಬಂದ ಆ ನೀಲಿ ಕಾರು ಅವನಿಗೆ ಕಾಣಲೇ ಇಲ್ಲ.

ಬರುವಾಗ ಬಸ್ಸಿನಲ್ಲಿ ಬಂದೆವು, ರೆನೋ ಬೀಗ ಹಾಕಿ ತಾಂದಿಲ್‌ನಲ್ಲೇ ಬಿಟ್ಟು. ಮೂವತ್ತು ವರ್ಷ ಬೀಜದ ಕಂಪನಿಗೆ ಊರೂರು ಕಾರು ಓಡಿಸಿದ ಮನುಷ್ಯ. ಪಾಂಪಾ ಬಯಲಿನಲ್ಲಿ ಯಾವ ರಸ್ತೆ ಯಾವ ಮಳೆಗೆ ಕೆಡುತ್ತದೆ ಎಂದು ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ಕೇಳುತ್ತಿದ್ದರು. ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತ, ಆದರೆ ಹೊರಗೆ ನೋಡಲಿಲ್ಲ. ಮನೆಗೆ ಬಂದು ಎರಡು ದಿನ ಕ್ಲಬ್ಬಿನ ಕಡೆಗೂ ಹೋಗಲಿಲ್ಲ. ಮೂರನೇ ದಿನ, ಸಾನ್ ರಫಾಯೆಲ್‌ಗೆ ನಿಧಾನವಾಗಿ ಹೋಗೋಣ, ಆ ದಾರಿ ನನಗೆ ಬಾಯಿಪಾಠ ಎಂದ. ಆಗ ನಾನು ಹೊಸ ಲೈಸೆನ್ಸನ್ನು ತಂದು ಅವನ ಸೂಪಿನ ತಟ್ಟೆಯ ಪಕ್ಕ ಇಟ್ಟೆ. ಹೌದು, ಸಿಕ್ಕಿತು, ಅಕ್ಟೋಬರಿನಲ್ಲೇ. ಪರೀಕ್ಷೆ ಮಾಡಿದವನಿಗೆ ಚಿಕ್ಕವನಿದ್ದಾಗ ನಾನೇ ಶಾಲೆಯ ಅಂಗಿ ಹೊಲಿದುಕೊಟ್ಟಿದ್ದೆ. ಮೊದಲು ಹೆದರಿಕೊಂಡು ಕೂತಿದ್ದ, ಎರಡನೇ ತಿರುವಿನ ಹೊತ್ತಿಗೆ ಬಾಗಿಲಿನ ಹಿಡಿ ಬಿಟ್ಟ.

ನಿಮ್ಮಪ್ಪ ಲೈಸೆನ್ಸಿನಲ್ಲಿದ್ದ ನನ್ನ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಸೂಪು ಮುಗಿಸಿದ. ಮರುದಿನ ನಾನು ದೆಲ್ಫಿನಾಳ ಜೊತೆ ಹೋಗಿ ಕಾರು ತಂದೆ, ಬಿಗಿದುಕೊಂಡ ಸೀಟು ಸರಿಯದೆ ಬೆನ್ನಿಗೆ ದಿಂಬು ಕೊಟ್ಟುಕೊಂಡು. ಅದರ ಮರುದಿನ ಬೆಳಿಗ್ಗೆ ನೋಡಿದರೆ ಡ್ರೈವರಿನ ಸೀಟು ಮುಂದಕ್ಕೆ ಬಂದಿತ್ತು, ನನ್ನ ಕಾಲಿನ ಉದ್ದಕ್ಕೆ ಸರಿಯಾಗಿ. ಅವನು ಗಿಡಗಳಿಗೆ ನೀರು ಹಾಕುತ್ತಿದ್ದ.

ನಾನು ಬಂಕಿನಲ್ಲಿ ಯಾಕೆ ಇಳಿಯಲಿಲ್ಲ ಎಂದು ನೀನು ಕೇಳಿಲ್ಲ, ಆದರೆ ಕೇಳಿದ್ದೀಯ. ಮಡಿಲಲ್ಲಿ ಬಿಸಿನೀರಿನ ಥರ್ಮಾಸು, ಕೈಯಲ್ಲಿ ಮಾಟೆಯ ಬುರುಡೆ. ಎರಡು ಕಿಲೋಮೀಟರ್ ಹೋಗಿ ಅವನು ತಿರುಗಿಸುತ್ತಾನೆ ಎಂದುಕೊಂಡೆ. ಐದು ಆಯಿತು, ಹತ್ತು ಆಯಿತು.

ನಿನ್ನ ಅಮ್ಮ

•

ಕ್ಯಾಂಪು,
೨೯ ನವೆಂಬರ್ ೧೯೯೪

ಅಮ್ಮ,

ನಾನು ಅಳೆಯುವವಳು. ಒಂದು ಅಳತೆ ಹೊಂದದಿದ್ದರೆ ನಿದ್ದೆ ಬರುವುದಿಲ್ಲ.

ನಾನು ಚಿಕ್ಕವಳಾಗಿದ್ದಾಗ ಪ್ರತಿ ಬೇಸಿಗೆಯಲ್ಲೂ ಅದೇ ದಾರಿ, ಅದೇ ಕಾರು. ನೀನು ಹಾಡುತ್ತಿದ್ದೆ, ಅತ್ತೆಯ ಮನೆಯವರ ಜಗಳ ಹೇಳುತ್ತಿದ್ದೆ, ಯಾರಿಗೆ ಎಷ್ಟು ಅಂಗಿ ಹೊಲಿದೆ ಎನ್ನುತ್ತಿದ್ದೆ. ರಸ್ತೆಯ ವಿಷಯ ಒಂದು ಮಾತೂ ಆಡುತ್ತಿರಲಿಲ್ಲ. ರಸ್ತೆ ಅಪ್ಪನದು. ೯೧ರಲ್ಲಿ, ೯೨ರಲ್ಲಿ ಮಾತ್ರ ನೀನು ಬೇರೆ ಥರ ಮಾತಾಡುತ್ತಿದ್ದೆ. "ನೋಡು, ಎಷ್ಟು ದೊಡ್ಡ ಲಾರಿ ಬರ್ತಿದೆ." "ಪಾಪ, ಆ ಸೈಕಲ್ಲಿನವನು ಬಲಗಡೆ ಒಬ್ನೇ ಹೋಗ್ತಿದ್ದಾನೆ." ವಯಸ್ಸಾಯಿತು, ಕಂಡದ್ದನ್ನೆಲ್ಲ ಹೇಳುತ್ತಾಳೆ ಎಂದು ಹಿಂದಿನ ಸೀಟಿನಲ್ಲಿ ಕೂತು ನಾನು ನಗುತ್ತಿದ್ದೆ.

ಆ ದನದ ಲಾರಿ ಬಂದಾಗ ನೀನು ಥರ್ಮಾಸಿನ ಮುಚ್ಚಳ ತಿರುಗಿಸುತ್ತಿದ್ದೆ. ಅದೊಂದು ಕ್ಷಣ ನೀನು ರಸ್ತೆ ನೋಡುತ್ತಿರಲಿಲ್ಲ.

ನಿನಗೆ ಯಾವಾಗಿನಿಂದ ಗೊತ್ತಿತ್ತು?

ನೊಯೆಮಿ

•

ಸಾನ್ ರಫಾಯೆಲ್,
೧೬ ಜನವರಿ ೧೯೯೫

ನೊಯೆಮಿ, ನನ್ನ ಮಗಳೇ,

ಎರಡು ವರ್ಷದಿಂದ.

ಉತ್ತರ ಇಷ್ಟೇ. ಇದನ್ನು ಬರೆಯಲು ಏಳು ವಾರ ಹಿಡಿಯಿತು. ಪ್ರತಿ ಭಾನುವಾರ ಹಾಳೆ ತೆಗೆಯುತ್ತಿದ್ದೆ, ಹವಾಮಾನ ಬರೆದು ಹರಿದುಹಾಕುತ್ತಿದ್ದೆ. ಆ ಬೇಸಿಗೆಗೆ ಎರಡು ವರ್ಷ ಮೊದಲೇ ನನಗೆ ಗೊತ್ತಿತ್ತು. ಊಟದ ಮೇಜಿನಲ್ಲಿ ಎಡಗಡೆ ಇಟ್ಟ ಲೋಟವನ್ನು ಅವನು ಬೀಳಿಸುತ್ತಿದ್ದ. ನಾನು ಏನೂ ಅನ್ನದೆ ಲೋಟವನ್ನು ಬಲಗಡೆ ಇಡಲು ಶುರು ಮಾಡಿದೆ. ಕಾರಿನಲ್ಲೂ ಅದನ್ನೇ ಮಾಡಿದೆ. ಕಂಡದ್ದನ್ನು ಮಾತಿನ ನಡುವೆ ಸೇರಿಸಿ ಹೇಳಿದರೆ ಅವನಿಗೂ ಅವಮಾನವಿಲ್ಲ, ನನಗೂ ಜಗಳವಿಲ್ಲ. ಅವತ್ತು ಬಂಕಿನಲ್ಲಿ ಇಳಿದಿದ್ದರೆ ನೀನು ಹೇಳಿದ್ದು ನಿಜ ಎಂದು ಎಲ್ಲರೆದುರು ಹೇಳಿದ ಹಾಗಾಗುತ್ತಿತ್ತು. ಅದಕ್ಕೆ ಕೂತೇ ಇದ್ದೆ. ನನ್ನ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಎರಡು ವರ್ಷ ಅದನ್ನು ಮಾಡಿದೆ. ಕ್ಷಮಿಸು ಎಂದು ಕೇಳುವುದಕ್ಕೆ ಮೊದಲು ಇದನ್ನು ಬರೆಯಬೇಕಿತ್ತು, ಬರೆದೆ. ಈಗ ಕೇಳುತ್ತೇನೆ. ಕ್ಷಮಿಸು.

ಇನ್ನು ದಾರಿಯ ಕಥೆ ಕೇಳು.

ಜನವರಿ ಒಂಬತ್ತಕ್ಕೆ ಬೆಳಿಗ್ಗೆ ಆರಕ್ಕೆ ಹೊರಟೆವು. ದೆಲ್ಫಿನಾ ಗೇಟಿನ ಹತ್ತಿರ ನಿಂತು ನಾನು ಎಡಗಂಬ ದಾಟುವವರೆಗೂ ಉಸಿರು ಹಿಡಿದಿದ್ದಳು. ಪಕ್ಕದ ಸೀಟಿನಲ್ಲಿ ನಿಮ್ಮಪ್ಪ. ಮಾಟೆ ಕೊಡುವ ಕೆಲಸ ಈಗ ಅವನದು. ಒಲಾವಾರಿಯಾ ಬರುವಷ್ಟರಲ್ಲಿ ಒಂದು ಸಲ ಮಂಡಿಯ ಮೇಲೆ, ಎರಡು ಸಲ ಗೇರಿನ ಮೇಲೆ ಚೆಲ್ಲಿದ್ದ. "ಈ ಕೆಲಸ ಇಷ್ಟು ಕಷ್ಟ ಅಂತ ನೀನು ಯಾವತ್ತೂ ಹೇಳ್ಲಿಲ್ಲವಲ್ಲ" ಎಂದ. ನೀನು ಕೇಳಲಿಲ್ಲ ಎಂದೆ. ಮೊದಲ ದಿನ ಸಾಂತಾ ರೋಸಾದಲ್ಲಿ ಉಳಿದೆವು. ಎರಡನೇ ದಿನ ಆ ಉದ್ದದ ರಸ್ತೆ, ಎರಡೂ ಕಡೆ ಮುಳ್ಳುಪೊದೆ, ನೂರು ಕಿಲೋಮೀಟರಿಗೆ ಒಂದು ಮನೆ. ಕಿಟಕಿ ತೆರೆದರೆ ಬಿಸಿಗಾಳಿ, ಮುಚ್ಚಿದರೆ ಒಲೆ. ನಾನು ಎಂಬತ್ತಕ್ಕಿಂತ ಮೇಲೆ ಹೋಗಲಿಲ್ಲ. ನಮ್ಮನ್ನು ಎಲ್ಲರೂ ಹಿಂದೆ ಹಾಕಿದರು, ಕೋಳಿ ತುಂಬಿದ ಒಂದು ಪಿಕಪ್ ಕೂಡ. ನಿಮ್ಮಪ್ಪ ಮಾತ್ರ ಗಂಭೀರವಾಗಿ ಎದುರು ನೋಡುತ್ತ ದಾರಿ ಹೇಳುತ್ತಿದ್ದ. ಇನ್ನೇನು ಉಪ್ಪುಕೆರೆ ಬರುತ್ತದೆ, ಅದು ದಾಟಿದ ಮೇಲೆ ಒಂದು ಇಳುಕಲು, ಅಲ್ಲಿ ಎಡಕ್ಕೆ ಒಂದು ಒಣಗಿದ ಮರ. ಉಪ್ಪುಕೆರೆ ಬಂತು, ಇಳುಕಲು ಬಂತು. ಮರ ಇರಲಿಲ್ಲ, ಯಾರೋ ಕಡಿದಿದ್ದರು. ನಾನು ಅವನಿಗೆ ಹೇಳಿದೆ. ಮೊದಲಾಗಿದ್ದರೆ ಇದೆ ಎಂದುಬಿಡುತ್ತಿದ್ದೆ.

ಚಾಚಾರಮೆಂದಿಯ ಬಂಕಿನಲ್ಲಿ ನಿಲ್ಲಿಸಿದೆ. ಪೆಟ್ರೋಲ್ ಬೇಕಾಗಿರಲಿಲ್ಲ. ಅವನಿಗೆ ಅದು ಗೊತ್ತು, ಬೆಳಿಗ್ಗೆ ತುಂಬಿಸಿದ್ದರಲ್ಲಿ ಅರ್ಧವೂ ಖರ್ಚಾಗಿರಲಿಲ್ಲ. ನಾನು ಇಳಿದು, ಸುತ್ತು ಹಾಕಿ, ಅವನ ಬಾಗಿಲಿನ ಹತ್ತಿರ ಬಂದು ನಿಂತೆ.

"ಅವತ್ತು ನಾನು ಇಳೀಬೇಕಿತ್ತು ಅನ್ಸೆಲ್ಮೊ" ಎಂದೆ.

ಅವನು ಥರ್ಮಾಸಿನ ಮುಚ್ಚಳ ಗಟ್ಟಿ ಮಾಡುತ್ತ ಕೂತ. ಆಮೇಲೆ ಹೇಳಿದ: "ನೀನು ಇಳಿದಿದ್ರೆ ನಾನು ಮುಂದೆ ಹೋಗ್ತಾ ಇರ್ಲಿಲ್ಲ. ಹತ್ತು ಮೀಟರೂ ಹೋಗೋಕೆ ಆಗ್ತಿರ್ಲಿಲ್ಲ ನನಗೆ."

ನಾನು ಅವನ ಬಾಗಿಲು ತೆಗೆದೆ.

"ನಿನಗೆ ಗೊತ್ತಿತ್ತು ಅಂತ ನನಗೆ ಗೊತ್ತಿತ್ತು" ಎಂದ. "ಲೋಟ ಬಲಗಡೆಗೆ ಬಂದ ದಿನವೇ."

ನೋಡು, ನಲವತ್ತು ವರ್ಷ ಒಟ್ಟಿಗೆ ಬಾಳಿದವರು ಹೀಗೆ. ಒಬ್ಬರನ್ನೊಬ್ಬರು ಕಾಪಾಡುತ್ತಿದ್ದೇವೆ ಎಂದುಕೊಂಡು ಇಬ್ಬರೂ ಸೇರಿ ನಿನ್ನನ್ನು ಆ ಬಂಕಿನಲ್ಲಿ ಇಳಿಸಿದೆವು. ಬಂಕಿನವಳು ಬಂದು, ಟೈರಿಗೆ ಗಾಳಿ ನೋಡಲಾ ಎಂದು ಕೇಳಿದಳು. ನೋಡಮ್ಮ ಎಂದೆ. ಇಬ್ಬರೂ ಕಣ್ಣು ಒರೆಸಿಕೊಳ್ಳುವುದಕ್ಕೆ ಅಷ್ಟು ಹೊತ್ತು ಸಾಕಾಯಿತು.

ಹುಟ್ಟುಹಬ್ಬದ ದೊಡ್ಡ ಊಟ ನಿನ್ನೆ ಭಾನುವಾರ ಇತ್ತು. ಪ್ಲಮ್ ತೋಟದ ಮಧ್ಯೆ, ಹಣ್ಣು ಒಣಗಿಸುವ ಬಿದಿರಿನ ತಟ್ಟೆಗಳನ್ನೇ ಮೇಜು ಮಾಡಿ, ನಲವತ್ತೆರಡು ಜನ. ಎರಡು ಕುರಿ ಬೆಂಕಿಯ ಮೇಲಿದ್ದವು. ನಾನು ಕಾರು ಓಡಿಸಿಕೊಂಡು ಬಂದದ್ದು ಅಷ್ಟರಲ್ಲಿ ಎಲ್ಲರಿಗೂ ತಮಾಷೆಯಾಗಿತ್ತು. ಅತ್ತೆಯ ದೊಡ್ಡ ಮಗ ಮೇಜಿನ ಆ ತುದಿಯಿಂದ "ಮಾವ, ಡ್ರೈವರ್ ಇಟ್ಕೊಂಡ್ಯಂತೆ? ಸಂಬಳ ಕೊಡ್ತೀಯಾ, ಬರೀ ಊಟನಾ?" ಎಂದು ಕೂಗಿದ. ಎಲ್ಲರೂ ನಕ್ಕರು. ನಿಮ್ಮಪ್ಪನೂ ನಕ್ಕ. ಆಮೇಲೆ ಎದ್ದು ನಿಂತ. ಅತ್ತೆಗೆ ಶುಭ ಕೋರುತ್ತಾನೆ ಎಂದು ಎಲ್ಲರೂ ಗ್ಲಾಸು ಎತ್ತಿದರು.

ಅವನು ಗ್ಲಾಸು ಎತ್ತಲಿಲ್ಲ. ತನಗೆ ಕಣ್ಣು ಕಾಣುವುದಿಲ್ಲ, ಇನ್ನು ಮೇಲೆ ಕಾರು ಮುಟ್ಟುವುದಿಲ್ಲ ಎಂದ. ನೊಯೆಮಿಗೆ ಕೆಲಸ ಹೆಚ್ಚು, ನಮ್ಮಂಥವರ ಜೊತೆ ಸೇರಲು ಅವಳಿಗೆ ಮನಸ್ಸಿಲ್ಲ ಎಂದು ಮೂರು ವರ್ಷದಿಂದ ನಿಮಗೆಲ್ಲ ಹೇಳಿದ್ದು ಸುಳ್ಳು ಎಂದ. "ಅವಳು ನನಗೆ ನಿಜ ಹೇಳಿದ್ಳು. ಅದಕ್ಕೆ ನಾನು ಅವಳನ್ನ ದಾರೀಲಿ ಇಳಿಸ್ದೆ" ಎಂದ. ಕೂರಲು ಹೋದವನಿಗೆ ಬೆಂಚು ಸಿಗಲಿಲ್ಲ, ಕೈಯಲ್ಲಿ ಹುಡುಕಿದ. ಯಾರೂ ಎದ್ದು ಹಿಡಿಯಲಿಲ್ಲ, ಹಿಡಿದರೆ ಅವನಿಗೆ ಬೇಸರವಾದೀತು ಎಂದು. ಹುಡುಕಿ ಕೂತ.

ತೇಲ್ಮಾ ಅತ್ತೆ ಮೇಜಿನ ತುದಿಯಿಂದ ಹೇಳಿದಳು: "ಇದನ್ನ ಹೇಳೋಕೆ ನನಗೆ ಎಂಬತ್ತಾಗೋವರೆಗೂ ಕಾಯ್ಬೇಕಿತ್ತೇನೋ? ಹೋಗ್ಲಿ, ತಿನ್ನು. ಮಾಂಸ ಆರ್ತಿದೆ." ಆಮೇಲೆ ನನ್ನ ಕಡೆಗೆ ತಿರುಗಿ, ಅಷ್ಟೇ ಜೋರಾಗಿ, ನೊಯೆಮಿ ಇರುವ ಜಾಗ ಇಲ್ಲಿಂದ ಎಷ್ಟು ದೂರ ಎಂದು ಕೇಳಿದಳು.

ಸಾವಿರದ ಐನೂರು ಕಿಲೋಮೀಟರ್. ನಾನು ಆಗಲೇ ನಕ್ಷೆಯಲ್ಲಿ ಹೊಲಿಗೆಯ ಟೇಪು ಇಟ್ಟು ನೋಡಿದ್ದೆ. ನಾವೂ ಕೈಹಚ್ಚಿರುವ ಪ್ಲಮ್ ಒಣಗಿಸುವ ಕೆಲಸ ಫೆಬ್ರವರಿ ಹತ್ತರ ಹೊತ್ತಿಗೆ ಮುಗಿಯುತ್ತದೆ. ಅಲ್ಲಿಂದ ನಾವು ಅಸೂಲ್‌ಗೆ ಹೋಗುವುದಿಲ್ಲ, ದಕ್ಷಿಣಕ್ಕೆ ತಿರುಗುತ್ತೇವೆ. ನೆವುಕೆನ್, ಬರಿಲೋಚೆ, ಎಸ್ಕೆಲ್, ಆಮೇಲೆ ನೀನು. ನಾನು ಅಪ್ಪಣೆ ಕೇಳುತ್ತಿಲ್ಲ. ಆದರೆ ನೀನು ಬೇಡ ಎಂದರೆ ಬರುವುದಿಲ್ಲ. ಅತ್ತೆಯ ವಿಳಾಸಕ್ಕೆ ಬರೆ.

ನಿನ್ನ ಅಮ್ಮ,
ಎಲ್ವಿರಾ

•

ಕ್ಯಾಂಪು,
೨೯ ಜನವರಿ ೧೯೯೫

ಅಮ್ಮ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಬೇಡ ಎಂದು ಬರೆಯಲು ಎರಡು ಸಲ ಕೂತೆ. ಈಗ ಇದನ್ನು ಬರೆಯುತ್ತಿದ್ದೇನೆ, ಸರಿಯಾಗಿ ಓದಿಕೊ.

ನೆವುಕೆನ್‌ವರೆಗೆ ರಸ್ತೆ ಚೆನ್ನಾಗಿದೆ, ಆದರೆ ಬೆಳಿಗ್ಗೆ ಬೇಗ ಹೊರಡು, ಮಧ್ಯಾಹ್ನ ಗಾಳಿ ಎದುರಿಗೆ ಬರುತ್ತದೆ. ಬರಿಲೋಚೆಗೆ ಮೊದಲು ನದಿಯ ಪಕ್ಕ ತಿರುವು ಜಾಸ್ತಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ, ನಿನ್ನ ವೇಗದಲ್ಲೇ ಹೋಗು. ಎಲ್ ಬೊಲ್ಸೋನ್ ದಾಟಿದ ಮೇಲೆ ಕಾಡಿನ ನೆರಳು ರಸ್ತೆಯ ಮೇಲೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ, ಅಪ್ಪನ ಕಣ್ಣಿಗೆ ಅದು ಕಿರಿಕಿರಿ ಮಾಡಬಹುದು, ಟೋಪಿ ಕೊಡು. ಎಸ್ಕೆಲ್‌ನಲ್ಲಿ ಒಂದು ರಾತ್ರಿ ಉಳಿದುಕೊಳ್ಳಿ. ಟೈರಿಗೆ ಗಾಳಿ ಸ್ವಲ್ಪ ಇಳಿಸಿಕೋ, ಯಾಕೆಂದರೆ ಟೆಕ್ಕಾ ದಾಟಿದ ಮೇಲೆ ಅಲ್ಲಲ್ಲಿ ಜಲ್ಲಿ. ಜಲ್ಲಿಯ ಮೇಲೆ ಕಾರು ಜಾರಿದರೆ ಬ್ರೇಕ್ ಹಾಕಬೇಡ, ಕಾಲು ತೆಗೆ, ದೂರ ನೋಡು, ಅದೇ ಸರಿಯಾಗುತ್ತದೆ. ಎದುರಿಗೆ ಲಾರಿ ಬಂದರೆ ಪೂರ್ತಿ ಬಲಕ್ಕೆ ನಿಲ್ಲಿಸಿಬಿಡು, ಗಾಜಿಗೆ ಕಲ್ಲು ಸಿಡಿಯುತ್ತದೆ. ಕ್ಯಾಂಪಿಗೆ ತಿರುಗುವ ಕಡೆ ಹಳದಿ ಡ್ರಮ್ಮು ಇಡಿಸುತ್ತೇನೆ.

ಹದಿನೇಳನೇ ತಾರೀಕು ಶುಕ್ರವಾರ ಮಧ್ಯಾಹ್ನದಿಂದ ನಾನು ಆ ಡ್ರಮ್ಮಿನ ಹತ್ತಿರ ಇರುತ್ತೇನೆ.

ಅಡುಗೆಯವನಿಗೆ ಹೇಳಿದ್ದೇನೆ. ನೀನು ಪ್ಲಮ್ ತರುತ್ತೀಯ ಎಂದೂ ಹೇಳಿಬಿಟ್ಟಿದ್ದೇನೆ.

ನೊಯೆಮಿ

•

ಅಸೂಲ್,
೨ ಮಾರ್ಚ್ ೧೯೯೫

ನೊಯೆಮಿ,

ಮುಟ್ಟಿದೆವು. ಒಟ್ಟು ನಾಲ್ಕು ಸಾವಿರ ಕಿಲೋಮೀಟರ್, ಒಂದು ಪಂಕ್ಚರು, ಗಾಜಿನಲ್ಲಿ ಒಂದು ಸಣ್ಣ ಬಿರುಕು. ಅದನ್ನು ನಾನು ಸರಿ ಮಾಡಿಸುವುದಿಲ್ಲ, ಎಲ್ಲರಿಗೂ ತೋರಿಸುತ್ತಿದ್ದೇನೆ. ದೆಲ್ಫಿನಾ ನಿಮ್ಮ ರೋಲರ್ ಡ್ರೈವರಿನ ಹಲ್ಲು ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದೆ.

ನಿನ್ನ ಡೇರೆಯಲ್ಲಿದ್ದ ಆ ಮೂರು ದಿನದಲ್ಲಿ ಏನೇನೋ ಮಾತಾಡಬೇಕೆಂದು ನಾನು ಬಂದಿದ್ದೆ. ನೀನು ನನ್ನ ತಲೆ ಬಾಚಿದೆಯಲ್ಲ, ಆಗ ಎಲ್ಲ ಮರೆತುಹೋಯಿತು. ಪರವಾಗಿಲ್ಲ.

ಒಂದು ವಿಚಿತ್ರ. ಭಾನುವಾರ ಮಧ್ಯಾಹ್ನ ನಾನು ಮಲಗಿದ್ದೆನಲ್ಲ, ಎದ್ದು ನೋಡಿದರೆ ನಿಮ್ಮಪ್ಪ ಬೇರೆ ಮನುಷ್ಯನಾಗಿದ್ದ. ಬೂಟಿನ ತುಂಬ ಧೂಳು, ಮುಖದ ತುಂಬ ನಗು. ಎಲ್ಲಿಗೆ ಹೋಗಿದ್ದೆ ಎಂದರೆ "ನಡ್ಕೊಂಡು ಬಂದೆ" ಎಂದ. ದಾರಿಯುದ್ದಕ್ಕೂ ಸಿಳ್ಳೆ ಹಾಕಿದ. ಮನೆಗೆ ಬಂದ ಮೇಲೆ ತಾನೇ ಹನಿಮದ್ದು ಹಾಕಿಕೊಳ್ಳುತ್ತಿದ್ದಾನೆ, ನಾನು ನೆನಪಿಸಬೇಕಾಗಿಲ್ಲ. ಅವನಿಗೆ ಏನು ತಿನ್ನಿಸಿದೆ ನೀನು?

ಅಮ್ಮ

•

ಕ್ಯಾಂಪು,
೨೦ ಮಾರ್ಚ್ ೧೯೯೫

ಅಮ್ಮ,

ನಿನಗೆ ಹೇಳಬೇಡ ಎಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ನಮ್ಮ ಮನೆಯಲ್ಲಿ ಹೇಳದೆ ಇಟ್ಟುಕೊಂಡದ್ದು ಸಾಕು, ಆದ್ದರಿಂದ ಹೇಳುತ್ತೇನೆ. ಅವನಿಗೂ ಓದಿ ಹೇಳು.

ಆ ಭಾನುವಾರ ನೀನು ಮಲಗಿದ ಮೇಲೆ ನಾನು ಅವನನ್ನು ಹೊಸ ರಸ್ತೆ ತೋರಿಸಲು ಕರೆದುಕೊಂಡು ಹೋದೆ. ಹನ್ನೊಂದು ಕಿಲೋಮೀಟರ್, ಒಂದೇ ನೇರ, ಇನ್ನೂ ಜನರಿಗೆ ಬಿಟ್ಟಿಲ್ಲ. ಎರಡೂ ತುದಿಗೆ ಡ್ರಮ್ಮು ಅಡ್ಡ ಇಟ್ಟಿದ್ದೇವೆ, ಭಾನುವಾರ ಒಂದು ಯಂತ್ರವೂ ಓಡುವುದಿಲ್ಲ. ಅವನು ಬಗ್ಗಿ ಜಲ್ಲಿಯನ್ನು ಬೊಗಸೆಯಲ್ಲಿ ತೆಗೆದುಕೊಂಡು ನೋಡಿದ, ಅಂಚಿನ ಇಳಿಜಾರನ್ನು ಬೂಟಿನಲ್ಲಿ ಒತ್ತಿ ನೋಡಿದ. ನೀರು ನಿಲ್ಲುವುದಿಲ್ಲ, ಚೆನ್ನಾಗಿ ಮಾಡಿದ್ದೀಯ ಎಂದ. ಇದುವರೆಗೆ ಅಪ್ಪ ನನ್ನ ಕೆಲಸದ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಆಮೇಲೆ ನಾನೇ ಕ್ಯಾಂಪಿನ ಜೀಪಿನ ಬೀಗದ ಕೈ ಅವನ ಮುಂದೆ ಹಿಡಿದೆ. ಅವನು ಕೇಳಲಿಲ್ಲ, ಅದು ನಿನಗೆ ಗೊತ್ತಿರಲಿ. ತೆಗೆದುಕೊಳ್ಳಲೂ ಇಲ್ಲ ಮೊದಲು. ಇಲ್ಲಿ ಗುದ್ದುವುದಕ್ಕೆ ಏನೂ ಇಲ್ಲ, ನಾನೇ ಅಳೆದಿದ್ದೇನೆ ಎಂದೆ. ಪಕ್ಕದ ಸೀಟಿನಲ್ಲಿ ನಾನು ಕೂತೆ.

ಅಮ್ಮ, ಅವನು ಎಷ್ಟು ಚೆನ್ನಾಗಿ ಓಡಿಸುತ್ತಾನೆ. ಅದನ್ನು ನಾನು ಸಿಟ್ಟಿನಲ್ಲಿ ಮರೆತಿದ್ದೆ. ಜಲ್ಲಿಯ ಮೇಲೆ ನಲವತ್ತರಲ್ಲಿ ಹೋದರೂ ಸ್ಟೇರಿಂಗನ್ನು ಎರಡೇ ಬೆರಳಲ್ಲಿ ಹಿಡಿಯುತ್ತಾನೆ. ಒಂದೆರಡು ಸಲ ಅಂಚಿಗೆ ಹೋದ, ಎಡಕ್ಕೆ ಎಂದೆ, ಎಡಕ್ಕೆ ತಂದ. ನಾನು ನಿನ್ನ ಹಾಗೆ ಲಾರಿಯ ಕಥೆ ಹೇಳಲಿಲ್ಲ. ಎಡಕ್ಕೆ ಎಂದರೆ ಎಡಕ್ಕೆ, ಅಷ್ಟೆ. ಅವನಿಗೂ ಅದೇ ಬೇಕಾಗಿತ್ತು ಅನ್ನಿಸುತ್ತದೆ.

ಅರ್ಧ ದಾರಿಯಲ್ಲಿ, ಎದುರಿಗೇ ನೋಡುತ್ತ ಹೇಳಿದ: "ಆ ಕಾರು ನನಗೆ ಕಾಣ್ಲೇ ಇಲ್ಲ ನೊಯೆಮಿ. ನೀನು ಕಿರುಚಿದಾಗ ನಿನಗೆ ಹುಚ್ಚು ಅಂದ್ಕೊಂಡೆ. ಆಮೇಲೆ ಕನ್ನಡಿಯಲ್ಲಿ ಅದು ಪೊದೆಯೊಳಗೆ ನಿಂತಿದ್ದು ಕಾಣಿಸ್ತು."

"ಕಾಣಿಸಿದ ಮೇಲೂ ಇಳಿಸ್ದೆ" ಎಂದೆ.

"ಕಾಣಿಸಿದ್ದಕ್ಕೇ ಇಳಿಸ್ದೆ" ಎಂದ. "ನಿನ್ನ ಮುಖ ನೋಡೋಕೆ ಆಗ್ಲಿಲ್ಲ ನನಗೆ."

ಎಡಕ್ಕೆ ಎಂದೆ ಒಂದು ಸಲ. ಮಾತು ಮುಗಿದರೂ ಇನ್ನೂ ನಾಲ್ಕು ಕಿಲೋಮೀಟರ್ ಉಳಿದಿತ್ತು. ಹತ್ತಿರವಾದಂತೆ ತುದಿಯ ಡ್ರಮ್ಮು ನನಗೆ ಕಾಣತೊಡಗಿತು, ಅವನಿಗೆ ಕಾಣುತ್ತಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಿದ್ದೆ. ನಾನು ಹೇಳುವುದಕ್ಕೆ ಮೊದಲೇ ಅವನು ನಿಧಾನ ಮಾಡಿದ, ರಸ್ತೆಯ ನಟ್ಟನಡುವೆ ನಿಲ್ಲಿಸಿದ, ಇಂಜಿನ್ನು ಆರಿಸಿದ. ಗಾಳಿಯ ಸದ್ದು ಮಾತ್ರ ಉಳಿಯಿತು.

"ಸಾಕು" ಎಂದ.

ನಾನು ಇಳಿದು ಆ ಕಡೆಗೆ ಹೋಗಿ ಕೈ ಕೊಡೋಣ ಎಂದುಕೊಂಡೆ. ಅಷ್ಟರಲ್ಲಿ ಅವನೇ ಬಾಗಿಲು ತೆಗೆದು ಇಳಿದಿದ್ದ. ಜೀಪಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಅದರ ಉದ್ದಕ್ಕೂ ಸವರುತ್ತ, ಮೂತಿ ಸುತ್ತಿ, ಈ ಕಡೆಗೆ ನಡೆದುಬಂದ. ಬಂದು ನನ್ನ ಬಾಗಿಲು ತಟ್ಟಿದ, ಜಾಗ ಬಿಡು ಎನ್ನುವ ಹಾಗೆ.

ಬಿಟ್ಟೆ.

ಮುಂದಿನ ಜನವರಿಗೆ ಹದಿನೈದು ದಿನ ರಜೆ ಬರೆದು ಕೊಟ್ಟಿದ್ದೇನೆ.

ನಿನ್ನ ಮಗಳು,
ನೊಯೆಮಿ